ಹುಳದ ಮನೆಗೆ ಬಂದ ದೊಡ್ಡ ಗಿಟಾರ್

ಬೆಂಗಳೂರಿನಿಂದ ಜಂಗಮಕೋಟೆಗೆ ಬರುವ ಬಸ್ಸಿನಲ್ಲಿ ಹೊಸ ಗಿಟಾರನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿಬಿಟ್ಟೆ. ಮೇಲಿನ ಕಂಬಿಯ ಮೇಲೆ ಅದು ಹಿಡಿಸಲಿಲ್ಲ, ಸೀಟಿನ ಕೆಳಗೆ ತೂರಲಿಲ್ಲ. ಕೊನೆಗೆ ಚೀಲದ ಸಮೇತ ಕಾಲುಗಳ ನಡುವೆ ನಿಲ್ಲಿಸಿಕೊಂಡು ತಬ್ಬಿ ಕೂತೆ. ದೇವನಹಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ಒಳಗೇನಿದೆ ಎಂದು ವಿಚಾರಿಸಿದರು. ಗಿಟಾರ್ ಎಂದೆ. ಅವರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, ನಿನಗಿಂತ ಅದೇ ಮೈಕೈ ತುಂಬಿಕೊಂಡಿದೆ ಎಂದು ತೀರ್ಪು ಕೊಟ್ಟು ವಿಜಯಪುರದಲ್ಲಿ ಇಳಿದುಹೋದರು. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ನಾನು ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು. ರಜೆಯ ದಿನಗಳಲ್ಲಿ ನಾವು ನಾಲ್ಕು ಜನ ಮೇಷ್ಟ್ರಮ್ಮಂದಿರು ಸೇರಿಕೊಂಡು ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆಯ ಸಭೆ ಸಮಾರಂಭಗಳಲ್ಲಿ ಹಾಡುತ್ತೇವೆ. ಒಬ್ಬಳು ಡೋಲಕ್ ಬಾರಿಸುತ್ತಾಳೆ, ಇಬ್ಬರು ತಮಟೆ. ಈ ಸದ್ದಿನ ನಡುವೆ ನನ್ನ ಹಳೆಯ ಪುಟ್ಟ ಗಿಟಾರ್ ಇದ್ದೂ ಇಲ್ಲದಂತೆ ಇತ್ತು. ಒಮ್ಮೆ ಚಿಂತಾಮಣಿಯಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು, ನಾನು ಅದನ್ನು ಹಿಡಿದುಕೊಂಡಿದ್ದು ಫೋಟೋಕ್ಕೋಸ್ಕರವೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿರುವ ಗಿಟಾರುಗಳಲ್ಲೇ ದೊಡ್ಡ ಹೊಟ್ಟೆಯದನ್ನು ತರುತ್ತೇನೆ ಎಂದು ಅಂದೇ ಹಟ ತೊಟ್ಟೆ, ತಂದೂಬಿಟ್ಟೆ.

ತಂದ ಮೇಲೆ ಗೊತ್ತಾಯಿತು, ಅದನ್ನು ಹಿಡಿಯುವುದೇ ಒಂದು ವಿದ್ಯೆ. ಕುರ್ಚಿಯಲ್ಲಿ ಕೂತು ತೊಡೆಯ ಮೇಲಿಟ್ಟರೆ ಅದರ ಅಂಚು ನನ್ನ ಗದ್ದಕ್ಕೆ ತಾಗುತ್ತಿತ್ತು. ಬಲಗೈ ಅದರ ಹೊಟ್ಟೆಯ ಮೇಲಿಂದ ಬಳಸಿ ತಂತಿ ಮುಟ್ಟುವಷ್ಟರಲ್ಲಿ ಹೆಗಲು ಕಿವಿಯ ಹತ್ತಿರ ಬಂದಿರುತ್ತಿತ್ತು. ಹಳೆಯದರ ಮೇಲೆ ಬಾರಿಸುತ್ತಿದ್ದ ರಭಸದಲ್ಲೇ ಇದರ ಮೇಲೂ ಕೈಬೀಸಿದರೆ ದಪ್ಪ ತಂತಿಗಳು ಗುಂಯ್ ಎಂದು ಮನೆ ತುಂಬಿಸಿ, ಸಣ್ಣ ತಂತಿಗಳು ಏನು ಹೇಳಿದವೆಂಬುದೇ ಕೇಳುತ್ತಿರಲಿಲ್ಲ. ನಾನು ಗಿಟಾರನ್ನೇ ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ಗಂಡ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತ ಅಂಗಳದಿಂದಲೇ ಹೇಳಿದ. ಆ ದಿನ ಅವನಿಗೆ ನಾನು ಕಾಫಿ ಮಾಡಿಕೊಡಲಿಲ್ಲ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಇಂಥ ಮನೆಗಳಲ್ಲಿ ಮನುಷ್ಯರು ಇರುವ ಮನೆ ಒಂದು ತೂಕವಾದರೆ ಹುಳದ ಮನೆಯದೇ ಒಂದು ತೂಕ. ಹಿತ್ತಲಿನ ಆ ಉದ್ದನೆಯ ಕೋಣೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿಲ್ಲ. ಪೌಡರು, ಊದುಬತ್ತಿ, ಸೊಳ್ಳೆ ಬತ್ತಿ ಯಾವುದರ ವಾಸನೆಯೂ ಅಲ್ಲಿ ಸುಳಿಯಕೂಡದು. ಹುಳದ ರ‍್ಯಾಕುಗಳ ಕಾಲುಗಳನ್ನು ಇರುವೆ ಹತ್ತದ ಹಾಗೆ ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತೇವೆ. ಬೇಸಿಗೆಯಲ್ಲಿ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಹೊತ್ತುಹೊತ್ತಿಗೆ ನೀರು ಚಿಮುಕಿಸಿ ತಂಪು ಕಾಯುತ್ತೇವೆ. ಹೊರಗೆ ಬಿಸಿಲು ಸುಡುತ್ತಿರುವಾಗ ಹುಳಗಳು ನಮಗಿಂತ ಸುಖವಾಗಿರುತ್ತವೆ.

ಈ ಸಾಮ್ರಾಜ್ಯದ ಯಜಮಾನಿ ನಮ್ಮತ್ತೆ. ಹೊಸ ಗಿಟಾರ್ ನಡುಮನೆಯ ಗೋಡೆಗೆ ಒರಗಿರುವುದು ಅವರಿಗೆ ಸರಿಬರಲಿಲ್ಲ. ಅಲ್ಲಿ ಇಲಿ ಓಡಾಡುತ್ತವೆ, ಬಂದವರೆಲ್ಲ ಮುಟ್ಟುತ್ತಾರೆ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಅವರು ಅದನ್ನು ಮೂಸಿ ನೋಡಿದರು. ವಾರ್ನಿಷಿನ ವಾಸನೆ ಇದೆ ಎಂದು ಮೂಗು ಮುರಿದು, ಜಗಲಿಯ ನೆರಳಿನಲ್ಲಿ ಗಾಳಿಗೆ ಇಟ್ಟು, ದಿನಾ ಮೂಸಿ, ವಾಸನೆ ಹೋಯಿತು ಎಂದು ಖಾತ್ರಿಯಾದ ಮೇಲೆ ಸ್ವತಃ ಎತ್ತಿಕೊಂಡು ಹೋಗಿ ಹುಳದ ಮನೆಯ ಖಾಲಿ ರ‍್ಯಾಕಿನ ಮೇಲೆ ಚೀಲದಿಂದ ಹೊರತೆಗೆದು ಮಲಗಿಸಿದರು. ನಮ್ಮ ಮನೆಯಲ್ಲಿ ಒಂದು ವಸ್ತುವಿಗೆ ಅದಕ್ಕಿಂತ ದೊಡ್ಡ ಗೌರವವಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೇ ಅಲ್ಲಿಗೆ ಅಷ್ಟು ಬೇಗ ಬಿಟ್ಟಿರಲಿಲ್ಲ.

ಹಾಗಾಗಿ ನನ್ನ ಅಭ್ಯಾಸವೂ ಅಲ್ಲಿಗೇ ಹೋಯಿತು. ಬೆಳಗ್ಗೆ ಅತ್ತೆ ಸೊಪ್ಪು ಹಾಕುವ ಹೊತ್ತಿಗೆ ನಾನು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಜೋರಾಗಿ ಬಾರಿಸುವ ಹಾಗಿಲ್ಲ ಎಂದು ಮೊದಲೇ ಅಪ್ಪಣೆಯಾಗಿತ್ತು. ಉಗುರಿನಲ್ಲಿ ಮೆಲ್ಲಗೆ ಮೀಟಿದಾಗಲೇ ಆ ಗಿಟಾರಿನ ನಿಜವಾದ ದನಿ ನನಗೆ ಮೊದಲ ಸಲ ಕೇಳಿಸಿದ್ದು. ಇದಕ್ಕೆ ಹೊಡೆಯುವುದು ಬೇಕಿರಲಿಲ್ಲ, ಮುಟ್ಟಿದರೆ ಸಾಕಿತ್ತು. ಒಂದು ತಂತಿ ಮೀಟಿ ಬಿಟ್ಟರೆ ಆ ದೊಡ್ಡ ಹೊಟ್ಟೆಯೊಳಗೆ ನಾದ ಬಹಳ ಹೊತ್ತು ಓಡಾಡುತ್ತಿತ್ತು, ನನ್ನ ಪಕ್ಕೆಲುಬಿಗೂ ತಿಳಿಯುತ್ತಿತ್ತು. ನನಗೆ ಅದರ ಮೇಲಿದ್ದ ಸಿಟ್ಟು ಅಂದೇ ಇಳಿಯಿತು.

ಒಂದು ಬೆಳಗ್ಗೆ ಅತ್ತೆ ಸೊಪ್ಪು ಹರಡುತ್ತ ತಮ್ಮ ಪಾಡಿಗೆ ತಾವು ಹಾಡಿಕೊಳ್ಳತೊಡಗಿದರು. ಅವರದು ತಗ್ಗು ದನಿ, ಗಂಡಸರ ದನಿಯಷ್ಟು ತಗ್ಗು. ತೊಟ್ಟಿನಿಂದ ಒಸರುವ ಬಿಳಿ ಹಾಲು ಕೈಗೆ ಅಂಟಿಸಿಕೊಂಡು ಸೊಪ್ಪು ಕೊಯ್ಯುವಾಗ ಅವರೂ ಅವರ ತಾಯಿಯೂ ಕಟ್ಟಿಕೊಂಡ ಹಾಡಂತೆ ಅದು:

‘ಸೊಪ್ಪು ಕೊಯ್ದ ಕೈಗೆ ಹಾಲು ಹತ್ತಿತೇ ಅಮ್ಮ,
ಹಾಲು ತೊಳೆಯೋ ಹೊತ್ಗೆ ಹೊತ್ತು ಮೂಡಿತೇ ಅಮ್ಮ.’

ನಾನು ಶ್ರುತಿ ಹುಡುಕಿ ಜೊತೆಗೂಡಿದೆ. ಮೊದಮೊದಲು ಗಿಟಾರಿನ ದಪ್ಪ ತಂತಿಗಳೂ ಅತ್ತೆಯ ದನಿಯೂ ಒಂದೇ ಜಾಗಕ್ಕೆ ಜಗಳವಾಡುತ್ತಿದ್ದವು. ದಪ್ಪ ತಂತಿಗಳನ್ನು ಸುಮ್ಮನೆ ಬಿಟ್ಟು ಸಣ್ಣವನ್ನಷ್ಟೇ ಮೀಟಿದೆ. ಆಗ ದನಿ ಕೆಳಗೆ, ಗಿಟಾರ್ ಮೇಲೆ, ಇಬ್ಬರಿಗೂ ಜಾಗ ಸಿಕ್ಕಿತು. ಇಷ್ಟು ಚೆನ್ನಾಗಿ ಹಾಡುವವರು ಯಾಕೆ ಇಷ್ಟು ವರ್ಷ ಯಾರೆದುರೂ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಹುಡುಗಿಯಾಗಿದ್ದಾಗ ಮಂಡಿಕಲ್ ಕಡೆ ಒಂದು ಮದುವೆಯಲ್ಲಿ ಅವರು ಸೋಬಾನೆ ಹಾಡಿದರಂತೆ. ಹೆಂಗಸರ ನಡುವೆ ಯಾವ ಗಂಡಸು ಕೂತು ಹಾಡುತ್ತಿದ್ದಾನೆ ಎಂದು ಗಂಡಿನ ಕಡೆಯವರು ಇಣುಕಿ ನೋಡಿ ನಕ್ಕರಂತೆ. ಚಪ್ಪರವೆಲ್ಲ ನಕ್ಕಿತಂತೆ. ಅದೇ ಕೊನೆ.

‘ಹುಳಕ್ಕೆ ಕಿವಿ ಇಲ್ವಲ್ಲಮ್ಮ, ಅದ್ಕೇ ಇಲ್ಲಿ ಹಾಡ್ಕೊತೀನಿ’ ಎಂದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇನ್ನೂ ಒಂದೆರಡು ತಿಂಗಳಿದ್ದ ಬುದ್ಧ ಪೂರ್ಣಿಮೆಗೆ ಗೌರಿಬಿದನೂರಿನಲ್ಲಿ ನಡೆಯುವ ಕಾರ್ಯಕ್ರಮಕ್ಕೆ ಆ ವಾರವೇ ನಮ್ಮ ತಂಡವನ್ನು ಕರೆದಿದ್ದರು. ಅತ್ತೆಯೂ ಬಂದು ಈ ಹಾಡು ಹೇಳಬೇಕು ಎಂದು ನಾನು ಬೆನ್ನು ಬಿದ್ದೆ. ಮೊದಲ ದಿನ ನಕ್ಕರು. ಎರಡನೆಯ ದಿನ ತೆಲುಗಿನಲ್ಲಿ ಬೈದರು. ಅತ್ತೆಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ. ಮೂರನೆಯ ದಿನ, ಗಿಟಾರ್ ಪಕ್ಕದಲ್ಲೇ ಇರುವುದಾದರೆ ನೋಡೋಣ ಎಂದರು. ನಾನು ಪಕ್ಕದಲ್ಲಿರಬೇಕು ಎಂದೇನೂ ಹೇಳಲಿಲ್ಲ, ಗಿಟಾರ್ ಇರಬೇಕು ಎಂದರು.

ಆಗಲೇ ಗಿಟಾರಿಗೆ ಕೇಡು ಬಂದದ್ದು. ತಂತಿಗಳು ಒತ್ತಲು ಕಷ್ಟವಾಗುತ್ತ ಬಂದವು, ಬೆರಳ ತುದಿಗಳು ಬೊಬ್ಬೆಯೆದ್ದವು. ದನಿ ಮಂಕಾಯಿತು. ಒಂದು ಬೆಳಗ್ಗೆ ಅಡ್ಡಲಾಗಿ ಹಿಡಿದು ನೋಡಿದರೆ ಅದರ ಹೊಟ್ಟೆ ಉಬ್ಬಿತ್ತು, ತಂತಿಗಳು ಮೇಲೆದ್ದು ನಿಂತಿದ್ದವು. ಬೆಂಗಳೂರಿನ ಅಂಗಡಿಗೆ ಫೋನು ಮಾಡಿದೆ. ಎಲ್ಲಿಟ್ಟಿದ್ದಿರಿ ಎಂದು ಕೇಳಿದರು. ರೇಷ್ಮೆ ಹುಳದ ಜೊತೆ ಎಂದೆ. ಆ ಕಡೆಯವರು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ, ಮರ ತೇವ ಕುಡಿದಿದೆ, ತಂತಿ ಸಡಿಲಿಸಿ ಒಣ ಜಾಗದಲ್ಲಿಡಿ, ಬಹುಶಃ ಸರಿಹೋಗುತ್ತದೆ ಎಂದರು. ಆ ಬಹುಶಃ ಎಂಬ ಮಾತು ನನಗೆ ಇಡೀ ದಿನ ಅನ್ನ ಸೇರಗೊಡಲಿಲ್ಲ.

ಅತ್ತೆಗೆ ನನಗಿಂತ ಹೆಚ್ಚು ನೋವಾಯಿತು. ಹುಳಕ್ಕೆ ಒಗ್ಗಿದ್ದು ಮರಕ್ಕೆ ಯಾಕೆ ಒಗ್ಗುವುದಿಲ್ಲ, ಹುಳ ತಿನ್ನುವುದೂ ಮರದ ಸೊಪ್ಪೇ ಅಲ್ಲವೇ ಎಂದು ವಾದ ಮಾಡಿದರು. ವಾದ ಮುಗಿದ ಮೇಲೆ ಎದ್ದು ಹುಳದ ಮನೆಗೆ ಹೋದರು. ತಾನೇ ಕೆಡಿಸಿದೆ, ಗೌರಿಬಿದನೂರಿಗೆ ಬರುವುದಿಲ್ಲ ಎಂದು ನನ್ನ ಗಂಡನ ಕೈಲಿ ಹೇಳಿಕಳಿಸಿದರು. ಒಂದೇ ಮನೆಯಲ್ಲಿದ್ದುಕೊಂಡು ಹೇಳಿಕಳಿಸಿದರು. ಗಂಡ ಗಿಟಾರಿಗೆ ರಾಗಿ ಮೂಟೆಗಳಿರುವ ಒಣ ಕೋಣೆಯಲ್ಲಿ ಜಾಗ ಮಾಡಿಕೊಟ್ಟ.

ಅತ್ತೆ ಹೇಳಿದ್ದೇನೋ ಹೇಳಿದರು, ಆದರೆ ಬೆಳಗ್ಗೆ ಎದ್ದ ಕೂಡಲೇ ಹೋಗುತ್ತಿದ್ದುದು ರಾಗಿ ಕೋಣೆಗೇ. ಅಂಗೈಯನ್ನು ಗಿಟಾರಿನ ಹೊಟ್ಟೆಯ ಮೇಲಿಟ್ಟು ನೋಡುತ್ತಿದ್ದರು. ನಮ್ಮ ಕಡೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಮಂಕಾಗಿ ಮಲಗುವುದಕ್ಕೆ ಜ್ವರ ಅನ್ನುತ್ತೇವೆ. ಆಗ ಅದನ್ನು ಕದಲಿಸಬಾರದು, ಎದ್ದ ಮೇಲೆ ಅದರ ಹಸಿವೇ ಬೇರೆ. ಏಪ್ರಿಲ್ಲಿನ ಬಿಸಿಲಿಗೆ ಮರ ಒಣಗಿ, ಹೊಟ್ಟೆ ಇಳಿದು, ತಂತಿಗಳು ತಮ್ಮ ಜಾಗಕ್ಕೆ ಬಂದ ದಿನ ಅತ್ತೆಯೇ ನನ್ನನ್ನು ಎಬ್ಬಿಸಿ, ಜ್ವರದಿಂದ ಎದ್ದಿದೆ ನೋಡು ಎಂದರು. ಸಡಿಲಿಸಿದ್ದ ತಂತಿಗಳನ್ನು ಬಿಗಿದು ಶ್ರುತಿ ಮಾಡಿದೆ. ಮೀಟಿದೆ. ದನಿ ಬಂತು. ಸೀರೆ ಯಾವುದು ಉಡಲಿ ಎಂದು ಕೇಳಿದರು. ಗೌರಿಬಿದನೂರಿನ ಮಾತು ಅಷ್ಟರಲ್ಲೇ ತೀರ್ಮಾನವಾಯಿತು.

ಕಾರ್ಯಕ್ರಮ ಬೆಳಗ್ಗೆ ಹನ್ನೊಂದಕ್ಕೆ. ಸಭಾಂಗಣ ತುಂಬಿತ್ತು. ಬಿಳಿ ಸೀರೆ, ಬಿಳಿ ಅಂಗಿಗಳ ನಡುವೆ ಮಕ್ಕಳು ಓಡಾಡುತ್ತಿದ್ದವು. ನಮ್ಮ ತಂಡದ ಹಾಡುಗಳಿಗೆ ಗಿಟಾರಿಗೆ ಒಂದು ವೈರು ಸಿಕ್ಕಿಸಿ ಮೈಕ್‌ಸೆಟ್ಟಿಗೆ ಸೇರಿಸಿದರು. ತಮಟೆಗಳ ನಡುವೆಯೂ ಅದು ಎದೆಯುಬ್ಬಿಸಿಕೊಂಡು ಕೇಳಿಸಿತು. ನಾನು ಮುಂದಿನ ಸಾಲಿನವರನ್ನು ಸ್ವಲ್ಪ ಜಂಬದಿಂದಲೇ ನೋಡಿದೆ. ಆಮೇಲೆ ತಮಟೆಯವರು ಹಿಂದೆ ಸರಿದರು, ಅತ್ತೆ ಬಂದು ಮೈಕಿನ ಮುಂದೆ ನಿಂತರು.

ಮೊದಲ ಸಾಲು ಹಾಡಿದರು. ಯಾರಿಗೂ ಕೇಳಲಿಲ್ಲ. ಹುಳದ ಮನೆಯ ದನಿಯಲ್ಲೇ ಹಾಡುತ್ತಿದ್ದರು. ಮೈಕ್‌ಸೆಟ್ಟಿನವನು ಪಾಪ, ಒಳ್ಳೆಯದಾಗಲೆಂದೇ ಎಲ್ಲವನ್ನೂ ಜೋರು ಮಾಡಿದ. ಅತ್ತೆಯ ದನಿ ಏಳುವ ಮುಂಚೆ ನನ್ನ ಗಿಟಾರ್ ಎದ್ದಿತು. ಹಿಂದಿದ್ದ ಸ್ಪೀಕರಿನ ಸದ್ದು ಅದರ ದೊಡ್ಡ ಹೊಟ್ಟೆಗೆ ಹೊಕ್ಕು, ಅಲ್ಲಿಂದ ಮತ್ತೆ ಸ್ಪೀಕರಿಗೆ ಹೋಗಿ, ಕಟ್ಟಿಹಾಕಿದ ಎಮ್ಮೆ ಕೂಗಿದ ಹಾಗೆ ಕೂಗತೊಡಗಿತು. ಮಕ್ಕಳು ಕಿವಿ ಮುಚ್ಚಿಕೊಂಡವು. ಸಭೆ ನಕ್ಕಿತು.

ಆ ನಗು ಅತ್ತೆಗೆ ಮಂಡಿಕಲ್ ಕಡೆಯ ಮದುವೆಯ ನಗುವಾಗಿಯೇ ಕೇಳುತ್ತದೆಂದು ಸಭೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅತ್ತೆ ಬಾಯಿ ಮುಚ್ಚಿದರು. ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಮೆಟ್ಟಿಲು ಎಲ್ಲಿದೆ ಎಂದು ನೋಡಿದರು. ಇವತ್ತು ಇಳಿದರೆ ಇವರು ಇನ್ನು ಹುಳದ ಎದುರಿಗೂ ಹಾಡುವುದಿಲ್ಲ ಅನ್ನಿಸಿತು. ಕೂಗುತ್ತಿದ್ದುದು ನನ್ನದೇ ಗಿಟಾರ್, ಜೋರಾಗಿ ಕೇಳಲಿ ಎಂದು ನಾನೇ ಹಟ ಮಾಡಿ ತಂದದ್ದು.

ಗಿಟಾರಿಗೆ ಸಿಕ್ಕಿಸಿದ್ದ ವೈರನ್ನು ಕಿತ್ತು ನೆಲಕ್ಕೆ ಬಿಟ್ಟೆ. ಕೂಗು ನಿಂತಿತು. ಗಿಟಾರ್ ತೂಗುಹಾಕಿದ್ದ ಕೊರಳ ಪಟ್ಟಿ ಸರಿಮಾಡಿಕೊಂಡು ಅತ್ತೆಯ ಮಗ್ಗುಲಿಗೇ ಹೋಗಿ ನಿಂತೆ. ಅವರು ಹೋಗಬೇಕೆಂದರೆ ಆ ದೊಡ್ಡ ಗಿಟಾರನ್ನು ದಾಟಿಕೊಂಡೇ ಹೋಗಬೇಕಿತ್ತು. ಒಂದೇ ಮೈಕನ್ನು ಇಬ್ಬರ ನಡುವೆ ಎಳೆದುಕೊಂಡೆ. ಸಣ್ಣ ತಂತಿಗಳನ್ನು ಮಾತ್ರ, ಬೆಳಗಿನ ಹೊತ್ತು ಮೀಟುತ್ತಿದ್ದಷ್ಟೇ ಮೆಲ್ಲಗೆ ಮೀಟಿದೆ. ಯಾವ ಸಹಾಯವೂ ಇಲ್ಲದೆ ಆ ಮರದ ಹೊಟ್ಟೆ ತನ್ನ ಪಾಡಿಗೆ ತಾನು ನಾದ ಮಾಡಿತು. ಕೊನೆಯ ಸಾಲಿನಲ್ಲಿದ್ದ ನನ್ನ ಗಂಡನಿಗೂ ಅದು ಕೇಳಿತಂತೆ. ಸಭೆ ನಗು ನಿಲ್ಲಿಸಿ ಕಿವಿಗೊಟ್ಟಿತು. ಕೂಗುವುದಕ್ಕೆ ಗಿಟಾರಿನ ವೈರು ಇಲ್ಲವಾದ್ದರಿಂದ ಮೈಕ್‌ಸೆಟ್ಟಿನವನು ಈಗ ಧೈರ್ಯವಾಗಿ ಮೈಕ್ ಏರಿಸಿದ.

ಅತ್ತೆ ತಂತಿಯನ್ನೇ ನೋಡುತ್ತಿದ್ದರು. ನಾನು ಅದದೇ ನಾಲ್ಕು ಮೀಟು ಸುತ್ತಿ ಸುತ್ತಿ ನುಡಿಸುತ್ತಿದ್ದೆ, ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ನನ್ನ ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಆ ತಗ್ಗು ದನಿ ಸಭಾಂಗಣದ ನೆಲದಿಂದ ಎದ್ದು ಬಂದಂತೆ ಬಂತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಸೊಪ್ಪಿನ ಹಾಲು ಕೈಗೆ ಹತ್ತುವ ಸಾಲು ಬಂದಾಗ ಅಲ್ಲಲ್ಲಿ ಹೆಂಗಸರು ತಲೆಯಾಡಿಸಿದರು, ಅವರೂ ಅದನ್ನು ತೊಳೆದವರೇ. ಯಾರೂ ಇಣುಕಿ ನೋಡಲಿಲ್ಲ. ನನಗೆ ಆದ ಸಂತೋಷಕ್ಕೆ ಒಂದೆರಡು ಕಡೆ ಬೆರಳು ತಪ್ಪಿತು.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಭಾಷಣದವರು ಕಾಗದ ಹಿಡಿದು ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತರು. ನಾನು ಗಿಟಾರ್ ಇಳಿಸಲೆಂದು ಕೊರಳ ಪಟ್ಟಿಗೆ ಕೈ ಹಾಕಿದೆ. ಅತ್ತೆ ಮೈಕಿನ ಕಂಬ ಹಿಡಿದುಕೊಂಡು ಅವರ ಕಡೆ ತಿರುಗಿದರು.

‘ಕೂತ್ಕೊಳ್ಳಪ್ಪ, ಇನ್ನೊಂದೈತೆ’ ಎಂದರು.

ಇನ್ನೊಂದು ಇದೆ ಎಂದು ನನಗೂ ಗೊತ್ತಿರಲಿಲ್ಲ. ಭಾಷಣದವರು ಕೂತರು. ನಾನು ಗಿಟಾರನ್ನು ಮತ್ತೆ ಮೇಲಕ್ಕೆಳೆದುಕೊಂಡು, ಅವರು ಯಾವ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೋ ಎಂದು ಅವರ ಬಾಯಿಯನ್ನೇ ನೋಡುತ್ತ ನಿಂತೆ.