ಚಂಪಿಗೆ ಒಂದು ಹೆಚ್ಚಿಗೆ

ಶಿಗ್ಗಾಂವದ ದನದ ದವಾಖಾನೆಯ ಡಾಕ್ಟರ್ ನಾನು. ದುಂಡಸಿಯ ನೀಲವ್ವನ ಹೆಣ್ಣುನಾಯಿ ಚಂಪಿ ಏನು ಮಾಡಿದರೂ ಗಬ್ಬವಾಗುತ್ತಿರಲಿಲ್ಲ. ‘ನಿನ್ನ ನಾಯ್ಯಾಗ ಏನೋ ಕಮ್ಮಿ ಐತಿ’ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರಂತೆ. ರಕ್ತಪರೀಕ್ಷೆಯ ವರದಿ ಬಂದ ದಿನ ಹೇಗೆ ಹೇಳಲೆಂದು ತಡವರಿಸಿದೆ.

“ಹುಟ್ಟಿದಾಗಿಂದನ ಹಿಂಗ ಐತಿ, ನೀಲವ್ವಾ. ಮೈಯಾಗ ಕ್ರೋಮೋಸೋಮ್ ಅಂತ ಸಣ್ಣ ಎಳಿ ಇರ್ತಾವು. ಹೆಣ್ಣಿಗೆ ಎಕ್ಸ್ ಅನ್ನೂವು ಎರಡು ಇರಬೇಕು, ಚಂಪಿಗೆ ಮೂರು ಅದಾವು. ಮರಿ ಆಗೂದಿಲ್ಲ.”

ನೀಲವ್ವ ಕಣ್ಣರಳಿಸಿದಳು. “ಅಂದ್ರ ಕಮ್ಮಿ ಇಲ್ಲ, ಒಂದು ಹೆಚ್ಚಿಗೀನ ಐತಿ ಅನ್ರಿ!”

“ಹೌದು, ಆದ್ರ...”

ಆ ‘ಆದ್ರ’ ಕೇಳಲು ಆಕೆ ನಿಲ್ಲಲೇ ಇಲ್ಲ. ಚಂಪಿಯನ್ನು ಎತ್ತಿಕೊಂಡು ನಗುನಗುತ್ತ ಹೊರಟೇಬಿಟ್ಟಳು.

ಮರುವಾರ ಅದೇ ಓಣಿಯ ಇನ್ನೊಬ್ಬಾಕೆ ತನ್ನ ನಾಯಿಯನ್ನು ಬುಟ್ಟಿತುಂಬ ಮರಿಗಳ ಸಮೇತ ತಂದಳು.

“ಡಾಕ್ಟರ್ರ, ನೀಲವ್ವನ ಜಂಬ ತಡ್ಕೊಳ್ಳಾಕ ಆಗವಲ್ದು. ನಮ್ಮ ನಾಯಿಗೂ ಒಂದು ಹೆಚ್ಚಿಗಿ ಐತೇನು ನೋಡ್ರಿ. ಇಲ್ಲಂದ್ರ ಒಂದು ಹಾಕಿ ಕಳಸ್ರಿ.”