ಮೊಮ್ಮಗಳ ಅರ್ಜಿಯಿಂದ ನಾನು ತೆಗೆದ ಪುಟ

ಮೊಮ್ಮಗಳ ಅರ್ಜಿಗಳನ್ನೆಲ್ಲ ಫೇರ್ ಮಾಡಿಕೊಟ್ಟವಳು ನಾನೇ. ಅವಳು ಕಂಪ್ಯೂಟರಿನಲ್ಲಿ ಮಾಡಿದ್ದಳು, ಆದರೆ ಅದರ ಇಂಗ್ಲಿಷ್ ನನಗೆ ಸರಿಬರಲಿಲ್ಲ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕೈಯಲ್ಲಿ ಕಲಿತವಳು. ಅಲ್ಲಿ ನಮಗೆ ಎರಡು ನೋಟ್‌ಬುಕ್ ಇರುತ್ತಿದ್ದವು, ಒಂದು ರಫ್, ಒಂದು ಫೇರ್. ರಫ್‌ನಲ್ಲಿ ಎಷ್ಟು ಗೀಚಿದರೂ ಯಾರೂ ಕೇಳುತ್ತಿರಲಿಲ್ಲ. ಫೇರ್ ಬುಕ್‌ನಲ್ಲಿ ಒಂದು ಚಿತ್ತು ಕಂಡರೆ ಪುಟ ಹರಿದು ಮೊದಲಿನಿಂದ ಬರೆಯಬೇಕು. ರಫ್ ಬುಕ್ಕನ್ನು ಹೊರಗಿನವರಿಗೆ ತೋರಿಸುವುದೆಂದರೆ ಒಳಲಂಗದಲ್ಲಿ ಅಂಗಳಕ್ಕೆ ಬಂದ ಹಾಗೆ. ಇಷ್ಟು ವಯಸ್ಸಾಗುವವರೆಗೂ ನಾನು ಹಾಗೆಯೇ ತಿಳಿದುಕೊಂಡಿದ್ದೆ.

ಮೊಮ್ಮಗಳು ದ್ರಾಕ್ಷಿ ಬಳ್ಳಿಗೆ ಬರುವ ಒಂದು ರೋಗದ ಮೇಲೆ ಪಿಎಚ್.ಡಿ. ಮುಗಿಸಿ ಐನಾಪುರದ ನಮ್ಮ ಮನೆಗೆ ಬಂದಿದ್ದಳು. ಕಾಲೇಜುಗಳಲ್ಲಿ ಕಾಯಂ ಜಾಗವಿಲ್ಲ. ಗೆಸ್ಟ್ ಲೆಕ್ಚರರ್ ಆದರೆ ವರ್ಷ ವರ್ಷವೂ ಹೊಸದಾಗಿ ಕೈಮುಗಿಯಬೇಕು. ಕಾಲೇಜು ಬಿಟ್ಟು ಹೊರಗೆ ನೋಡುತ್ತೇನೆ ಎಂದಳು. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸುವ ಚಾಟ್ನಿ ಬರುವುದರೊಳಗೆ ಏನೂ ಸಿಗದಿದ್ದರೆ ದ್ರಾಕ್ಷಿಯನ್ನು ಬಿಟ್ಟೇಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂಡುವುದೆಂದು ತಾನೇ ಗಡುವು ಹಾಕಿಕೊಂಡಳು.

ಹೊರಗಿನವರಿಗೆ ಏನು ಬೇಕೆಂಬುದು ಮಾತ್ರ ನಮಗೆ ತಿಳಿಯಲಿಲ್ಲ. ರಾಯಬಾಗದ ಕಡೆಯ ಒಂದು ಲ್ಯಾಬಿನವರು, ಬರೀ ಎಂ.ಎಸ್ಸಿ. ಆಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆವು, ಡಾಕ್ಟರೇಟ್ ಆದವರು ಬೇಗ ಬಿಟ್ಟು ಹೋಗುತ್ತಾರೆ ಎಂದರು. ಚಿಕ್ಕೋಡಿಯ ಬೀಜದ ಕಂಪನಿಯವರು ಎಲ್ಲಕ್ಕೂ ಮೊದಲು, ಗಾಡಿ ಹೊಡೆಯಲು ಬರುತ್ತದೆಯೇ ಎಂದು ಕೇಳಿದರು. ನಿಪ್ಪಾಣಿಯಲ್ಲೊಬ್ಬರು ಐದು ವರ್ಷದ ಕೆಲಸವನ್ನು ಎರಡು ನಿಮಿಷದಲ್ಲಿ ಹೇಳು ಎಂದರಂತೆ. ಹೇಳಿದಳು. ಇನ್ನೂ ಸ್ವಲ್ಪ ಸಣ್ಣದು ಮಾಡು ಎಂದರಂತೆ. ಒಬ್ಬರಿಗೆ ಹೆಚ್ಚಾದವಳು ಇನ್ನೊಬ್ಬರಿಗೆ ಕಡಿಮೆ ಹೇಗಾದಳು? ಐ ವಾಸ್ ಟೋಟಲಿ ಕನ್‌ಫ್ಯೂಸ್ಡ್.

ಕೊನೆಗೆ ಉಳಿದದ್ದು ಕಾಗವಾಡದ ದಾರಿಯಲ್ಲಿರುವ ಒಂದು ಮಣೂಕದ ಶೆಡ್. ಒಣದ್ರಾಕ್ಷಿಗೆ ನಮ್ಮಲ್ಲಿ ಮಣೂಕ ಎನ್ನುತ್ತಾರೆ. ತಿಳಿದವರೊಬ್ಬರು ಬೇಕಾಗಿದ್ದಾರೆ ಎಂದು ಶೆಡ್ಡಿನ ಮಾಲಕರು ಹೇಳಿಕಳಿಸಿದ್ದರು. ಈ ಸಲ ನಾನು ಬಹಳ ಕೇರ್ ತೆಗೆದುಕೊಂಡೆ. ಅವಳ ಅರ್ಜಿಯ ಕೊನೆಯಲ್ಲಿ ಒಂದು ಪುಟವಿತ್ತು, ಜುಗೂಳ ಎಂಬ ಊರಿನ ತೋಟದಲ್ಲಿ ಅವಳು ಮಾಡಿದ ಪ್ರಯೋಗ ಹೇಗೆ ಕೆಟ್ಟಿತು ಎಂಬುದರ ಬಗ್ಗೆ. ಅದನ್ನು ತೆಗೆದೆ. ಉಳಿದದ್ದನ್ನು ದಪ್ಪ ಕಾಗದದ ಮೇಲೆ ಕೈಯಾರೆ ಬರೆದು, ಅವಳ ಹೆಸರಿನ ಮುಂದಿನ ಡಾಕ್ಟರ್ ಎಂಬುದರ ಕೆಳಗೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದೆ. ಮಂಗಸೂಳಿ ಮಲ್ಲಯ್ಯನ ಭಂಡಾರ ಮನೆಯಲ್ಲಿತ್ತು. ಲಗ್ನಪತ್ರಕ್ಕೆ ಹಚ್ಚುವಂತೆ ನಾಲ್ಕು ಮೂಲೆಗೂ ಆ ಅರಿಸಿನ ಹಚ್ಚಿದೆ. ಸಿಸ್ಟರ್ಸ್ ನೋಡಿದ್ದರೆ ಏನೆನ್ನುತ್ತಿದ್ದರೋ. ತೋಟದಲ್ಲಿ ನಿಂತೇ ಅವಳು ಗೀಚಿಕೊಳ್ಳುತ್ತಿದ್ದ ಒಂದು ಕಲೆಗಟ್ಟಿದ ವಹಿ ಚೀಲದಲ್ಲಿತ್ತು, ಅದನ್ನು ಹೊರಗೆ ತೆಗೆದಿಟ್ಟೆ.

ಜೊತೆಗೆ ನಾನೂ ಹೋದೆ. ಬಾ ಎಂದು ಅವಳೇನೂ ಕರೆದಿರಲಿಲ್ಲ.

ಮಾಲಕರು ಸ್ವಂತ ದ್ರಾಕ್ಷಿ ತೋಟವಿರುವ ನಡುವಯಸ್ಸಿನವರು. ಭಂಡಾರ ಕಂಡು ಅರ್ಜಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಓದದೆ ಪಕ್ಕಕ್ಕಿಟ್ಟರು. ಎರಡು ಹಿಡಿ ಮಣೂಕವನ್ನು ಮೇಜಿನ ಮೇಲೆ ಸುರುವಿದರು, ಒಂದು ಹಸಿರು, ಒಂದು ಕಂದು.

“ಒಂದ ತೋಟದ್ದು, ಒಂದ ಶೆಡ್ಡಿಂದು. ಒಣಗಸೂಕಿಂತ ಮೊದಲ ಅದ್ದಿದ ಎಣ್ಣಿನೂ ಒಂದ. ಅರ್ಧಾ ಹಿಂಗ, ಅರ್ಧಾ ಹಂಗ. ಯಾಕಂತ ಹೇಳ್ರಿ ನೋಡೂಣು, ಮೇಡಮ್ಮಾರ.”

ಮೊಮ್ಮಗಳು ಒಂದೊಂದು ಕಾಳು ಬಾಯಿಗೆ ಹಾಕಿಕೊಂಡಳು. “ಈಗ ಗೊತ್ತಿಲ್ರಿ. ಕಂದಾದದ್ದು ಯಾವ ರ‍್ಯಾಕಿಂದು ಅಂತ ಬರದಿಟ್ಟೀರೇನ್ರಿ?”

“ಇಲ್ಲ.”

“ಹಂಗಾದ್ರ ಈಗ ಏನ್ ಹೇಳಿದ್ರೂ ಸುಳ್ಳ ಆಗ್ತೈತ್ರಿ.”

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಐದು ವರ್ಷ ಓದಿ ಬಂದು ಮೊದಲ ಪ್ರಶ್ನೆಗೇ ಗೊತ್ತಿಲ್ಲ ಎನ್ನುವುದೇ?

“ಆಯಿ, ಕಾಲ ತಗಿ,” ಎಂದಳು ಅವಳು, ಅವರೆದುರಿಗೇ.

ಮಾಲಕರು ಮೀಸೆಯಲ್ಲೇ ನಕ್ಕರು. “ನಿಮ್ಮ ಕೈಯಾಗ ಏನರ ಕೆಟ್ಟೈತೇನ್ರಿ?”

ಅವಳು ನನ್ನ ಕಡೆ ನೋಡಿ ಹೇಳಿದಳು, “ಜುಗೂಳದಾಗ ಕೆಟ್ಟಿತ್ರಿ. ಔಷಧ ಹೊಡದ ಸಾಲಿಗೇ ರೋಗ ಜಾಸ್ತಿ ಬಂತು. ಬಿಸಲು, ಗಾಳಿ, ಎಲಿ, ಎಲ್ಲಾ ಅಳದಿದ್ದೆ. ಔಷಧ ಕಲಸಿದ ನೀರ ಅಳದಿರಲಿಲ್ಲ. ಹೊಳಿ ನೀರಂತ ತಿಳದಿದ್ದೆ, ತೋಟದವರು ಬೋರಿನ ಸವಳ ನೀರ ಹಾಕಿದ್ರು. ಅದನ್ನ ಹುಡುಕೂದಕ್ಕ ಒಂದ ವರ್ಷ ಹೋತು.”

“ಅದು ಇದರಾಗ ಎಲ್ಲೈತಿ?” ಅವರು ಅರ್ಜಿ ತಿರುವಿದರು.

“ಆ ಪುಟ ನಾ ತಗದೀನ್ರಿ,” ಎಂದೆ ನಾನು. “ಅಪ್ಲಿಕೇಶನ್ನಿನ್ಯಾಗ ಯಾರರ ತಮ್ಮ ತಪ್ಪ ಬರೀತಾರೇನು?”

“ಅಮ್ಮಾರ, ಅಕ್ಷರ ಮುತ್ತಿನಂಗ ಅದಾವ. ಆದ್ರ ಇದರಾಗ ಬರೇ ಚಲೋದ್ದ ಐತಿ. ನಮ್ಮ ಶೆಡ್ಡಿನ್ಯಾಗ ಇರೂದೆಲ್ಲಾ ಕೆಟ್ಟದ್ದು. ಇಕಿಗೆ ಇಲ್ಲಿ ಕೆಲಸ ಏನೈತಿ ಅಂತ ಹೆಂಗ ತಿಳೀಬೇಕ್ರಿ?”

ಮೊಮ್ಮಗಳು ಎದ್ದು ಹೊರಗೆ ಹೋದಳು. ಅಳುತ್ತಾಳೆಂದು ಹೆದರಿದೆ. ಬರುವಾಗ ಕೈಯಲ್ಲಿ ಆ ಕಲೆಗಟ್ಟಿದ ವಹಿ ಇತ್ತು. ನನ್ನ ಕಣ್ಣು ತಪ್ಪಿಸಿ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಳು. ಕನ್ನಡ, ಮರಾಠಿ, ಇಂಗ್ಲಿಷ್ ಒಂದೇ ಸಾಲಿನಲ್ಲಿ. ಹೊಡೆದುಹಾಕಿದ್ದರ ಮೇಲೆ ಮತ್ತೆ ಬರೆದದ್ದು. ನಾನು ತಲೆ ತಗ್ಗಿಸಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಚಹಾ ಆರಿಹೋಯಿತು.

“ಚಾಟ್ನಿಯಿಂದ ಮಣೂಕ ಆಗೂತನಕ ಒಂದ ಹಂಗಾಮ ಇರ್ರಿ,” ಎಂದರು. “ಆಮ್ಯಾಲ ಇಬ್ಬರೂ ಕೂಡಿ ನೋಡೂಣು. ಬಾಗಲಕ್ಕ ಡಾಕ್ಟರ್ ಅಂತ ಬೋರ್ಡ್ ಮಾತ್ರ ಹಚ್ಚಬ್ಯಾಡ್ರಿ. ಮಂದಿ ಇಂಜೆಕ್ಷನ್ ಮಾಡಿಸ್ಕೊಳ್ಳಾಕ ಬರ್ತಾರ.”

ನನಗೆ ತಡೆಯಲಾಗಲಿಲ್ಲ. “ಡಾಕ್ಟರ್ ಬ್ಯಾಡಂದ್ರ ಬ್ಯಾರೆ ಯಾರನ್ನರ ತಗೋಬಹುದಿತ್ತಲ್ರಿ?”

“ಡಾಕ್ಟರ್ ಅಲ್ಲದವರು ಇಬ್ಬರ ಬಂದಿದ್ರು. ಮಣೂಕ ತೋರಿಸಿದ ಕೂಡಲೆ ಉತ್ತರ ಹೇಳಿದ್ರು. ಇಬ್ಬರದೂ ಬ್ಯಾರೆ ಬ್ಯಾರೆ.”

ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಅದನ್ನೇ ಯೋಚಿಸಿದೆ. ಅವರಿಗೆ ಪದವಿ ಬೇಡ, ಪದವಿಯಿಲ್ಲದವರೂ ಬೇಡ. ಗೊತ್ತಿಲ್ಲ ಎಂದವಳನ್ನು ಇಟ್ಟುಕೊಂಡರು. ಗೊತ್ತಿಲ್ಲ ಎನ್ನಲು ಐದು ವರ್ಷ ಬೇಕೇ? ಹಾಗಾದರೆ ಆ ದಪ್ಪ ಥೀಸಿಸ್ ಯಾತಕ್ಕೆ? ಕೇಳಿದೆ.

“ಖರೇ ಅಂದ್ರ ನನಗೂ ಪೂರಾ ತಿಳಿದಿಲ್ಲ, ಆಯಿ,” ಎಂದಳು. ದನಿಯಲ್ಲಿ ಮಾತ್ರ ಖುಷಿಯಿತ್ತು.

ಮರುದಿನ ಒಂದು ಹೊಸ ವಹಿ ತಂದು ನನ್ನ ಮುಂದಿಟ್ಟಳು. ರ‍್ಯಾಕ್, ಯಾವ ಮಗ್ಗಲು, ಎಷ್ಟನೆಯ ದಿನ, ಬಣ್ಣ, ಒಂದೊಂದಕ್ಕೂ ಒಂದು ಕಾಲಂ ಬೇಕಂತೆ. ಗೆರೆ ಹೊಡೆದು ತಲೆಬರಹ ಬರೆದುಕೊಡು, ಶೆಡ್ಡಿನವರಿಗೆ ನಿನ್ನ ಅಕ್ಷರ ಓದಲು ಬರುತ್ತದೆ ಎಂದಳು. ಸ್ಕೇಲ್ ಹುಡುಕಿ ಕುಳಿತೆ. ಮೂರನೆಯ ಗೆರೆ ಸ್ಕೇಲ್ ಜಾರಿ ಸೊಟ್ಟಗೆ ಹೋಯಿತು.

“ಹೊಡದ ಹಾಕಿ ಬಾಜೂಕ ಬರಿ,” ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. “ಪುಟ ಹರೀಬ್ಯಾಡ.”

ನನ್ನ ಕೈ ಆಗಲೇ ಪುಟದ ಮೂಲೆ ಹಿಡಿದಿತ್ತು. ಸ್ಕೂಟರ್ ಗೇಟು ದಾಟುವವರೆಗೂ ಹಿಡಿದೇ ಇದ್ದೆ, ಆಮೇಲೆ ಬಿಟ್ಟೆ.