ಕಾಲು ಮುಂದಾಗಿ ಹುಟ್ಟಿದವನ ಒದೆ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೋದರಮಾವ ಕಾರನ್ನು ಮರಕ್ಕೆ ಗುದ್ದಿದ್ದು ನನ್ನಿಂದ. ಮಾರನೆಯ ಬೆಳಿಗ್ಗೆ ಅವರ ಬೆನ್ನಿಗೆ ಒದ್ದವನೂ ನಾನೇ.

ಎಪ್ಪತ್ತರ ದಶಕದ ಕೊನೆಯ ಮಾತು. ಕಾಲೇಜಿಗೆ ಹೋಗುವುದಕ್ಕಿಂತ ಕಾಲೇಜಿನ ಮೇಷ್ಟರುಗಳ ಹಾಗೆ ಮಾತಾಡುವುದರಲ್ಲೇ ನನ್ನ ಹೊತ್ತು ಕಳೆಯುತ್ತಿತ್ತು. ಅವತ್ತು ಗಾಂಧಿ ಬಜಾರಿನಲ್ಲಿ ಹಬ್ಬಕ್ಕೆ ಹೂವು ಕೊಂಡು ಚಾಮರಾಜಪೇಟೆಯ ಮನೆಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಅಜ್ಜಿ, ಅವಳ ತೊಡೆಯ ಮೇಲೆ ಬಾಳೆಎಲೆಯ ಕಟ್ಟು. ಮುಂದೆ ಕೂತ ನಾನು, ಹೂವಿನವಳ ಜೊತೆ ಅಜ್ಜಿ ಆಡಿದ ಜಗಳವನ್ನು ಅಜ್ಜಿಯ ದನಿಯಲ್ಲೇ ಒಪ್ಪಿಸುತ್ತಿದ್ದೆ: "ಮಾತಾಡೋವಾಗ ಇಷ್ಟುದ್ದ ಇರೋ ಕೈ, ಮೊಳ ಹಾಕೋವಾಗ ಯಾಕಮ್ಮ ಮೋಟಾಗ್ಬಿಡತ್ತೆ?"

ಮಾವನಿಗೆ ನಗು ಬಂದರೆ ಕಣ್ಣು ಮುಚ್ಚಿಹೋಗುತ್ತಿತ್ತು. ಮುಚ್ಚಿತು. ಬಿಡುವಷ್ಟರಲ್ಲಿ ವಿಶ್ವೇಶ್ವರಪುರಂ ತಿರುವಿನ ಮರ ಬಾನೆಟ್ಟಿನ ಮೇಲೆ ಬಂದು ಕೂತಿತ್ತು.

ಅಜ್ಜಿಯನ್ನು ಬಾಳೆಎಲೆ ಕಾಪಾಡಿತು. ನನ್ನ ಮೊಣಕಾಲು ತರಚಿತು. ಮಾವ ಮಾತ್ರ ಕತ್ತು ಹಿಡಿದುಕೊಂಡು ಇಳಿದರು. "ಏನಿಲ್ಲ, ಉಳುಕು ಅಷ್ಟೇ."

ಉಳುಕು ಅಂದರೆ ನಮ್ಮ ಬೀದಿಯಲ್ಲಿ ಕರೆ ಬರುತ್ತಿದ್ದುದು ನನಗೆ. ಹುಟ್ಟುವಾಗ ತಲೆಯ ಬದಲು ಕಾಲು ಮುಂದಿಟ್ಟು ಬಂದವನು ನಾನು. ಅಂಥವರು ಮೂರು ಬೆಳಿಗ್ಗೆ ಬೆನ್ನಿಗೆ ಮೆಲ್ಲಗೆ ಒದ್ದರೆ ಉಳುಕು ಬಿಡುತ್ತದೆಂದು ನಂಬಿಕೆ. ಪರೀಕ್ಷೆಯಲ್ಲಿ ನನ್ನ ತಲೆಗೆ ಸಿಗದ ಮರ್ಯಾದೆ ಬೀದಿಯಲ್ಲಿ ನನ್ನ ಕಾಲಿಗೆ ಸಿಕ್ಕಿತ್ತು. ಹಿರಿಯರಾದರೆ ಒದ್ದ ಕೂಡಲೇ ಅದೇ ಬೆನ್ನಿಗೆ ಕೈ ಮುಗಿಯಬೇಕು, ಅಷ್ಟೇ. ಮಾರನೆಯ ಬೆಳಿಗ್ಗೆ ಮಾವನಿಗೂ ಒದ್ದೆ, ಕೈ ಮುಗಿದೆ.

"ಬಿಡ್ತು ನೋಡು," ಎಂದರು ಮಾವ. ಬೆನ್ನು ನನ್ನ ಕಡೆ ಇತ್ತು, ಮುಖ ಕಾಣಲಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಅವರು ಟೈಪಿಂಗ್ ಕಲಿಸುತ್ತಿದ್ದರು. ಅವರು ಟೈಪ್ ಮಾಡುವ ಸದ್ದನ್ನು ನಾಲಿಗೆಯಲ್ಲಿ ನುಡಿಸುವುದು ನನ್ನ ಹೆಸರುವಾಸಿ ಐಟಂ. ಅವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂತು, ಒಳಗಿನ ಸದ್ದಿಗೆ ಜೊತೆಯಾಗಿ ಟಕಟಕ ಶುರು ಮಾಡಿದೆ. ತಾಳ ಕೂಡಲಿಲ್ಲ. ನಾನು ಮುಂದೆ ಹೋಗುತ್ತಿದ್ದೆ, ಮಾವ ನಡುನಡುವೆ ಎಡವುತ್ತಿದ್ದರು. ಒಳಗೆ ಹೋಗಿ ಹಾಳೆ ನೋಡಿದೆ. ಇಂಗ್ಲಿಷಿನ ‘ಎ’ ಮತ್ತು ‘ಎಸ್’ ಎಲ್ಲೆಲ್ಲಿ ಬಂದಿದ್ದವೋ ಅಲ್ಲೆಲ್ಲ ಮಸುಕು. ಎಡಗೈಯ ಕಿರುಬೆರಳು, ಉಂಗುರದ ಬೆರಳು ಒತ್ತುವ ಅಕ್ಷರಗಳು.

"ಬೆರಳಿಗೇನಾಗಿದೆ ಮಾವ?"

"ರಿಬ್ಬನ್ ಹಳೇದಾಯ್ತು ಕಣೋ."

"ಎರಡೇ ಅಕ್ಷರಕ್ಕೆ ಹಳೇದಾಯ್ತಾ?"

ಅವರು ಬೆರಳುಗಳನ್ನು ಮಡಿಸಿ ಬಿಚ್ಚಿದರು. "ನಿನ್ನೆಯಿಂದ ಜುಮ್ ಅಂತಿದೆ. ಮುಟ್ಟಿದ್ದು ಗೊತ್ತಾಗ್ತಿಲ್ಲ. ಅಜ್ಜಿಗೆ ಹೇಳ್ಬೇಡ. ಈ ಬೆರಳು ಹೋದ್ರೆ ನಾನು ಯಾರಿಗೆ ಏನು ಕಲಿಸ್ಲೋ?"



ಮಾರನೆಯ ಬೆಳಿಗ್ಗೆ ಎರಡನೆಯ ಒದೆಗೆಂದು ಮಾವನನ್ನು ಚಾಪೆಯ ಮೇಲೆ ಕೂರಿಸಿ ಅಜ್ಜಿ ನನ್ನನ್ನು ಕೂಗಿದಳು.

"ನಾನು ಒದಿಯಲ್ಲ. ಡಾಕ್ಟರ ಹತ್ರ ಹೋಗೋಣ."

"ಬೀದಿಯೋರು ಕರೆದ್ರೆ ಓಡ್ತೀಯ. ಸ್ವಂತ ಮಾವನಿಗೆ ಒದಿಯೋಕೇನೋ ದಾಡಿ ನಿಂಗೆ?"

ಮಾವ ಎದ್ದು ಅಂಗಿ ತೊಟ್ಟರು. ಎಡಗೈಯನ್ನು ತೋಳಿನೊಳಗೆ ನಾನೇ ತೂರಿಸಬೇಕಾಯಿತು. ಅದನ್ನು ನೋಡಿದ ಅಜ್ಜಿ ಚಪ್ಪಲಿ ಮೆಟ್ಟಿಕೊಂಡಳು.

ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರಮ್ಮ, "ಎಲ್ಲಿ ನೋವು?" ಎಂದು ಕೇಳಿದರು.

"ಅಂಥದ್ದೇನಿಲ್ಲ, ಕತ್ತು ಸ್ವಲ್ಪ ಬಿಗಿ," ಎಂದರು ಮಾವ.

ನನಗೆ ತಡೆಯಲಾಗಲಿಲ್ಲ. ಮಾವನ ಟೈಪಿಂಗನ್ನು ಮೊದಲು ಹಿಂದಿನ ಹಾಗೆ, ಆಮೇಲೆ ಈಗಿನ ಹಾಗೆ, ಎಡವಿ ಎಡವಿ ನುಡಿಸಿದೆ. ಯಾವ ಬೆರಳೆಂದೂ ಹೇಳಿದೆ. ಡಾಕ್ಟರಮ್ಮ ನಗಲಿಲ್ಲ. ಎರಡು ಬೆರಳಿಗೂ ಗುಂಡುಸೂಜಿ ಚುಚ್ಚಿ ನೋಡಿ, ಕತ್ತಿನ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಕಿಟಕಿಗೆ ಹಿಡಿದು ಒಂದು ಸಣ್ಣ ಬಿರುಕು ತೋರಿಸಿದರು. ಅಲ್ಲಿನ ಮೂಳೆ ಜರುಗಿ, ಕೈಗೆ ಹೋಗುವ ನರವನ್ನು ಒತ್ತುತ್ತಿದೆಯಂತೆ. ಕೆಲವು ವಾರ ಕತ್ತು ಅಲ್ಲಾಡಬಾರದು. ಬೇಗ ಬಂದಿರುವುದರಿಂದ ಬೆರಳು ಸರಿಹೋಗುತ್ತದೆ ಎಂದರು. ಮಾವ ಕೂತಲ್ಲೇ ಕಣ್ಣು ಒರೆಸಿಕೊಂಡರು.

ಅಜ್ಜಿ ಮಾತ್ರ ಸೋಲಲೊಲ್ಲಳು. "ಎಲ್ಲಾ ಸರಿ ಡಾಕ್ಟ್ರಮ್ಮ. ಇವನು ಇನ್ನೆರಡು ದಿನ ಒದ್ದಿದ್ರೂ ಬಿಟ್ಟುಹೋಗ್ತಿತ್ತು."

ಮಾವನ ಕತ್ತಿಗೆ ಪಟ್ಟಿ ಬಿಗಿಯುತ್ತಿದ್ದ ಡಾಕ್ಟರಮ್ಮ ತಲೆ ಎತ್ತದೆಯೇ ಹೇಳಿದರು:

"ಬಿಟ್ಟುಹೋಗ್ತಿತ್ತು ಅಜ್ಜಿ. ನೋವೂ, ಕೈಯೂ, ಎರಡೂ."